ಸಾಕ್ಷಿಯಿಲ್ಲದ ಕುಸ್ತಿ, ಅಳಿಯದ ಹೆಸರು: ರಣಧೀರ ಕಂಠೀರವ

ಉಡುಪಿಯಿಂದ ಕಾಪುವಿನತ್ತ ಹೆದ್ದಾರಿಯಲ್ಲಿ ಸಾಗುವ ಬಹುತೇಕರಿಗೆ ಉದ್ಯಾವರವೆಂದರೆ ಸೇತುವೆ ದಾಟುವಾಗ ಕಣ್ಣಿಗೆ ಬೀಳುವ ಒಂದು ಹೊಳೆ, ತೆಂಗಿನ ಮರಗಳ ನಡುವಿನ ಒಂದು ಊರು. ಆದರೆ 8ನೇ ಶತಮಾನದಲ್ಲಿ ಇದು ಉದಯಪುರ; ತುಳುನಾಡನ್ನು ಆಳಿದ ಅಳುಪರ ರಾಜಧಾನಿ. ಇಲ್ಲಿನ ಶಂಭುಕಲ್ಲು ದೇವಾಲಯದ ಪರಿಸರದ ಶಾಸನಗಳಲ್ಲಿ ಚಿತ್ರವಾಹನ, ರಣಸಾಗರ, ಶ್ವೇತವಾಹನ, ಪೃಥ್ವೀಸಾಗರ ಎಂಬ ಅರಸರ ಹೆಸರುಗಳಿವೆ. ಸಿಂಹಾಸನಕ್ಕಾಗಿ ನಡೆದ ಒಳಜಗಳದಲ್ಲಿ ಉದಯಪುರವನ್ನು ಹೊಗುವಾಗ ಕಾದಿ ಮಡಿದ ವೀರರ ಹೆಸರುಗಳೂ ಇವೆ.

ಕಲ್ಲು ಆ ಕಾಳಗಕ್ಕೆ ಸಾಕ್ಷಿ. ಆದರೆ ಆ ವೀರರ ಕಥೆ ಇಂದು ಜನರ ಬಾಯಲ್ಲಿ ಉಳಿದಿಲ್ಲ. ಶಾಸನ ಓದಬಲ್ಲ ಬೆರಳೆಣಿಕೆಯ ವಿದ್ವಾಂಸರಿಗಷ್ಟೇ ಅವರು ಗೊತ್ತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಹೋರಾಟ ಕನ್ನಡ ನಾಡಿನಲ್ಲಿದೆ. ಅದಕ್ಕೆ ಕಲ್ಲಿನ ಸಾಕ್ಷಿಯಿಲ್ಲ, ಪಂದ್ಯದ ದಿನ ಯಾವುದೆಂಬ ದಾಖಲೆಯಿಲ್ಲ, ಎದುರಾಳಿಯ ಹೆಸರೂ ನೆನಪಿನಲ್ಲಿ ನಿಂತಿಲ್ಲ. ಆದರೂ ಮೈಸೂರಿನ ಗರಡಿ ಮನೆಯಿಂದ ಹಿಡಿದು ಹಳ್ಳಿಯ ಜಾತ್ರೆಯ ಕುಸ್ತಿ ಕಣದವರೆಗೆ, ಕನ್ನಡಿಗರು ಕಂಡ ಅತಿ ದೊಡ್ಡ ಕುಸ್ತಿ ಯಾವುದೆಂಬ ಮಾತು ಬಂದಾಗ ಹಿರಿಯರು ಮೊದಲು ನೆನೆಯುವುದು ಅದನ್ನೇ. ಅದು ತಿರುಚಿರಾಪಳ್ಳಿಯ ಕುಸ್ತಿ. ಗೆದ್ದವರು ರಣಧೀರ ಕಂಠೀರವ ನರಸರಾಜ ಒಡೆಯರು.

ಕಂಠೀರವ ಎಂದರೆ ಸಿಂಹ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಮೈಸೂರು ರಾಜ್ಯವನ್ನು ಆಳಿದ ಈ ಅರಸರು ಕೋಟೆ ಕಾಪಾಡಿದರು, ಸ್ವಂತ ನಾಣ್ಯ ಟಂಕಿಸಿದರು, ದೇವಾಲಯ ಕಟ್ಟಿಸಿದರು, ನೆರೆರಾಜ್ಯಗಳ ಮೇಲೆ ದಂಡೆತ್ತಿ ಹೋದರು. ಆದರೆ ಜನ ನೆನಪಿಟ್ಟುಕೊಂಡದ್ದು ಅವರು ಅರಸರಾಗುವ ಮೊದಲೇ ನಡೆದದ್ದೆನ್ನಲಾದ ಆ ಒಂದು ಪಂದ್ಯವನ್ನು. ಇಪ್ಪತ್ತೊಂದು ವರ್ಷಗಳ ಆಳ್ವಿಕೆಗಿಂತ ಒಂದು ದಿನದ ಕುಸ್ತಿಯೇ ದೊಡ್ಡದಾದದ್ದು ಹೇಗೆ? ಅವರ ಬದುಕಿನ ಕಥೆಯಲ್ಲೇ ಇದಕ್ಕೆ ಉತ್ತರವಿದೆ.

ತೆರಕಣಾಂಬಿಯ ತರುಣ

ನರಸರಾಜರು ಹುಟ್ಟಿದ್ದು 1615ರಲ್ಲಿ. ಆಗ ಮೈಸೂರಿನ ಗದ್ದುಗೆಯಲ್ಲಿದ್ದವರು ರಾಜ ಒಡೆಯರು. 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲರಾಜನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ಅದೇ ವರ್ಷ ಅಲ್ಲಿ ಮಹಾನವಮಿ ಉತ್ಸವವನ್ನು ಆರಂಭಿಸಿದ ಅರಸರು ಅವರೇ. ರಾಜ ಒಡೆಯರ ಸೋದರ ಬೆಟ್ಟದ ಚಾಮರಾಜ ಒಡೆಯರ ಮಗ ನರಸರಾಜರು. ಅಂದರೆ ಅರಸು ಮನೆತನದವರಾದರೂ ಗದ್ದುಗೆಯ ನೇರ ಸಾಲಿನಲ್ಲಿದ್ದವರಲ್ಲ.

ಅವರು ಬೆಳೆದದ್ದು ರಾಜಧಾನಿಯಿಂದ ದೂರದ ತೆರಕಣಾಂಬಿಯಲ್ಲಿ. ಇಂದಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ ಈ ಊರು ಮೈಸೂರು ಸೀಮೆ, ಕೊಂಗುನಾಡು ಮತ್ತು ಮಲೆಯಾಳ ಸೀಮೆಗಳು ಸಂಧಿಸುವ ಎಡೆಯಲ್ಲಿದೆ. ಅರಮನೆಯ ವೈಭವವಿಲ್ಲದ, ಅಧಿಕಾರದ ಹೊಣೆಯೂ ಇಲ್ಲದ ಅಲ್ಲಿನ ದಿನಗಳಲ್ಲಿ ತರುಣ ನರಸರಾಜರು ಮನಸ್ಸು ಕೊಟ್ಟದ್ದು ಗರಡಿಗೆ ಎಂದು ಪರಂಪರೆ ಹೇಳುತ್ತದೆ. ಅಸಾಧಾರಣ ದೇಹಬಲ, ಕತ್ತಿವರಸೆಯಲ್ಲಿ ನೈಪುಣ್ಯ, ಮಲ್ಲಯುದ್ಧದಲ್ಲಿ ಪಳಗಿದ ಮೈ... ಅವರ ಬಗ್ಗೆ ಉಳಿದುಬಂದ ಎಲ್ಲ ಕಥನಗಳೂ ಒಪ್ಪುವ ಸಂಗತಿಗಳಿವು.

ಅರಸು ಮಕ್ಕಳು ಕುಸ್ತಿ ಕಲಿಯುವುದು ಆ ಕಾಲಕ್ಕೆ ಹೊಸದೇನಲ್ಲ. 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದ್ದಾನೆ. ಮಲ್ಲರ ವರ್ಗೀಕರಣ, ಅವರು ಮಾಡಬೇಕಾದ ಸಾಮು, ಉಣ್ಣಬೇಕಾದ ಆಹಾರ, ಹಾಕಬೇಕಾದ ಪಟ್ಟುಗಳ ವಿವರ ಅಲ್ಲಿದೆ. ಮೈಸೂರು ಸೀಮೆಯ ಜಟ್ಟಿಗಳು ಕುಸ್ತಿಯನ್ನೇ ಕುಲವೃತ್ತಿಯಾಗಿ ಉಳಿಸಿಕೊಂಡು ಬಂದವರು. ಕರಾವಳಿಗೂ ಈ ಪರಂಪರೆ ಅಪರಿಚಿತವಲ್ಲ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಆರಾಧನೆಯ ತಾಣಕ್ಕೆ ಗರಡಿ ಎಂದೇ ಹೆಸರು. ಸಾಮು ಮಾಡುವ ಮನೆಯೇ ಇಲ್ಲಿ ಗುಡಿಯ ಹೆಸರೂ ಆಗಿದೆ.

ಕೋಟೆ ಬಾಗಿಲಿನ ಚಲ್ಲಣ

ತಿರುಚಿರಾಪಳ್ಳಿ ಆಗ ಮಧುರೆ ನಾಯಕರ ಕೈಯಲ್ಲಿತ್ತು. ಅಲ್ಲೊಬ್ಬ ಜಗಜಟ್ಟಿ. ಸುತ್ತಲ ರಾಜ್ಯಗಳ ಮಲ್ಲರನ್ನೆಲ್ಲ ಸೋಲಿಸಿದ ಸೊಕ್ಕಿನಲ್ಲಿ ಆತ ತನ್ನ ಚಲ್ಲಣವನ್ನು ಕೋಟೆಯ ಹೆಬ್ಬಾಗಿಲಿಗೆ ತೂಗುಹಾಕಿದ್ದನಂತೆ. ಊರೊಳಗೆ ಹೋಗುವವರು ಅದರ ಕೆಳಗೆ ತಲೆ ತಗ್ಗಿಸಿ ನಡೆಯಬೇಕು. ಒಲ್ಲದವರು ಕಣಕ್ಕಿಳಿದು ಅವನನ್ನು ಕೆಡವಬೇಕು. ಬೇರೆ ದಾರಿಯಿಲ್ಲ.

ದೇಶ ಸುತ್ತುತ್ತ ತೆರಕಣಾಂಬಿಗೆ ಬಂದ ಬ್ರಾಹ್ಮಣನೊಬ್ಬನ ಬಾಯಿಂದ ಈ ಸುದ್ದಿ ನರಸರಾಜರ ಕಿವಿಗೆ ಬಿತ್ತು ಎನ್ನುತ್ತದೆ ಕಥೆ. ಅವರು ಯಾರಿಗೂ ತಿಳಿಸಲಿಲ್ಲ. ವೇಷ ಮರೆಸಿಕೊಂಡು ಹೊರಟರು. ಕೊಂಗುನಾಡನ್ನು ದಾಟಿ, ಕಾವೇರಿ ಹರಿಯುವ ದಿಕ್ಕಿನಲ್ಲೇ ನಡೆದು ತಿರುಚಿರಾಪಳ್ಳಿಯ ಕೋಟೆ ಬಾಗಿಲಿಗೆ ಬಂದು ನಿಂತರು. ಚಲ್ಲಣವನ್ನು ಕಿತ್ತೆಸೆದರು. ನಾಯಕರ ಆಸ್ಥಾನದ ಎದುರಿನಲ್ಲೇ ಪಂದ್ಯ ಏರ್ಪಟ್ಟಿತು. ಹೆಸರಿಲ್ಲದ, ಊರಿಲ್ಲದ ಈ ಪರದೇಶಿ ತರುಣನನ್ನು ನೋಡಿ ನೆರೆದವರು ನಕ್ಕರು. ಪಂದ್ಯ ಮುಗಿದಾಗ ನಗುವವರು ಯಾರೂ ಉಳಿದಿರಲಿಲ್ಲ. ಜಗಜಟ್ಟಿ ನೆಲಕ್ಕುರುಳಿದ್ದ.

ಹೋರಾಟ ಹೇಗೆ ನಡೆಯಿತೆಂಬ ವಿಷಯದಲ್ಲಿ ಕಥನಗಳು ಕವಲೊಡೆಯುತ್ತವೆ. ಕೆಲವರ ಬಾಯಲ್ಲಿ ಅದು ಮಟ್ಟಿಯ ಮೇಲಿನ ಕುಸ್ತಿ. ಇನ್ನು ಕೆಲವರ ಬಾಯಲ್ಲಿ ಕತ್ತಿಯ ಕಾಳಗ. ಆದರೆ ಕೊನೆಯ ಘಟ್ಟ ಎಲ್ಲದರಲ್ಲೂ ಒಂದೇ. ಗೆದ್ದವನಿಗೆ ನಾಯಕನ ಆಸ್ಥಾನದಲ್ಲಿ ಸನ್ಮಾನ ಕಾದಿತ್ತು, ಬಹುಮಾನ ಕಾದಿತ್ತು. ಗೆದ್ದವರೇ ಅಲ್ಲಿರಲಿಲ್ಲ. ಬೆಳಗಾಗುವುದರೊಳಗೆ ಅವರು ಬಂದ ದಾರಿ ಹಿಡಿದು ತೆರಕಣಾಂಬಿಯತ್ತ ಹೊರಟುಹೋಗಿದ್ದರು.

ಪಂದ್ಯದ ತೂಕ

ಕುಸ್ತಿಯ ಅಭಿಮಾನಿಗಳು ಪಂದ್ಯವನ್ನು ತೂಗುವ ತಕ್ಕಡಿಯೇ ಬೇರೆ. ಅಲ್ಲಿ ಗೆಲುವೊಂದೇ ಮುಖ್ಯವಲ್ಲ. ಯಾರು ಸವಾಲು ಹಾಕಿದರು, ಯಾರ ಊರಿನಲ್ಲಿ ಪಂದ್ಯ ನಡೆಯಿತು, ಸೋತಿದ್ದರೆ ಏನು ಹೋಗುತ್ತಿತ್ತು, ಗೆದ್ದ ಮೇಲೆ ಪೈಲ್ವಾನ ಹೇಗೆ ನಡೆದುಕೊಂಡ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಕಳೆದ ಶತಮಾನದ ಒಂದು ಉದಾಹರಣೆ ನೋಡಬಹುದು. ಅವಿಭಜಿತ ಪಂಜಾಬಿನ ಗಾಮಾ ಪೈಲ್ವಾನ್ 1910ರಲ್ಲಿ ಲಂಡನ್ನಿಗೆ ಹೋದಾಗ ಆತನ ಗಿಡ್ಡ ನಿಲುವು ಕಂಡು ಸ್ಪರ್ಧೆಗೆ ಸೇರಿಸಿಕೊಳ್ಳಲು ಅಲ್ಲಿನವರು ಹಿಂಜರಿದಿದ್ದರು. ಗಾಮಾ ಬಹಿರಂಗ ಸವಾಲು ಹಾಕಿದರು. ಅಮೆರಿಕದ ಬೆಂಜಮಿನ್ ರೋಲರ್ ಅವರನ್ನು ಸೋಲಿಸಿದರು. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ ಎದುರಾದಾಗ, ಆತ ಎರಡೂವರೆ ಗಂಟೆಗೂ ಹೆಚ್ಚು ಕಾಲ ಬಹುತೇಕ ನೆಲಕ್ಕೆ ಅಂಟಿಕೊಂಡೇ ಉಳಿದು ಪಂದ್ಯವನ್ನು ಸಮ ಮಾಡಿಕೊಂಡ. ಮರುಪಂದ್ಯ ಗೊತ್ತಾಗಿದ್ದ ಸೆಪ್ಟೆಂಬರ್ 17ರಂದು ಆತ ಕಣಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದಾಗ ಗಾಮಾ ಒಂದು ನಿಮಿಷದೊಳಗೆ ಲೆಕ್ಕ ಚುಕ್ತಾ ಮಾಡಿದರು!

ಇಲ್ಲಿ ಅಭಿಮಾನಿಗಳು ಮೆಚ್ಚುವುದು 1928ರ ಮಿಂಚಿನ ಗೆಲುವನ್ನು ಮಾತ್ರವಲ್ಲ. ಪರದೇಶದಲ್ಲಿ, ತನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರ ನಡುವೆ ನಿಂತು ಸವಾಲು ಹಾಕಿದ 1910ರ ಗಾಮಾ ಅವರಿಗೆ ಇನ್ನೂ ಹತ್ತಿರ.

ಅದೇ ತಕ್ಕಡಿಯಲ್ಲಿ ಇಟ್ಟಾಗ ತಿರುಚಿರಾಪಳ್ಳಿಯ ಪಂದ್ಯದ ತೂಕ ತಿಳಿಯುತ್ತದೆ. ಎದುರಾಳಿಯ ಊರು, ಎದುರಾಳಿಯ ಅರಸ, ಎದುರಾಳಿಯ ಜನ. ಸೋತರೆ ಹೋಗುತ್ತಿದ್ದುದು ಮರ್ಯಾದೆಯಷ್ಟೇ ಅಲ್ಲ, ಪ್ರಾಣವೂ ಹೌದು. ನೆರೆರಾಜ್ಯದ ಅರಸು ಮಗ ವೇಷ ಮರೆಸಿ ಬಂದದ್ದು ಬಯಲಾಗಿದ್ದರೆ ಗೆದ್ದರೂ ಉಳಿಗಾಲವಿರಲಿಲ್ಲ. ಗೆಲುವಿನ ಫಲವೆಲ್ಲವನ್ನೂ ಅಲ್ಲೇ ಬಿಟ್ಟು ಬಂದದ್ದು ಈ ಕಥೆಯ ಶಿಖರ.

ಕಾಲದ ಲೆಕ್ಕವೂ ಕಥೆಗೆ ಅಡ್ಡಬರುವುದಿಲ್ಲ. ಪಟ್ಟಕ್ಕೆ ಬಂದಾಗ ನರಸರಾಜರಿಗೆ 23 ವರ್ಷ. ಕುಸ್ತಿ ನಡೆದದ್ದು ಅದಕ್ಕೂ ಮೊದಲು ಎಂದಾದರೆ ಅವರದು ಇಪ್ಪತ್ತರ ಆಸುಪಾಸಿನ ಪ್ರಾಯ. ಪೈಲ್ವಾನನ ಮೈ ಹದಕ್ಕೆ ಬರುವ ವಯಸ್ಸು. ಮಧುರೆಯ ತಿರುಮಲ ನಾಯಕ ರಾಜಧಾನಿಯನ್ನು ತಿರುಚಿರಾಪಳ್ಳಿಯಿಂದ ಮಧುರೆಗೆ ಬದಲಿಸಿದ್ದು 1630ರ ದಶಕದಲ್ಲಿ. ಹಾಗಾಗಿ ಕಥೆಯಲ್ಲಿ ಬರುವ ಕಾಲಕ್ಕೆ ತಿರುಚಿರಾಪಳ್ಳಿಯಲ್ಲಿ ಆಸ್ಥಾನವೂ ಅದರ ಜಗಜಟ್ಟಿಯೂ ಇದ್ದದ್ದು ಸಹಜವೇ. ಇಷ್ಟರಿಂದ ಪಂದ್ಯ ನಡೆದದ್ದು ಸಾಬೀತಾಗುವುದಿಲ್ಲ. ಅಸಾಧ್ಯವಲ್ಲ ಎಂಬುದಷ್ಟೇ ತಿಳಿಯುತ್ತದೆ.

ವಿಷ ಉಂಡ ಅರಮನೆ

ತೆರಕಣಾಂಬಿಯಲ್ಲಿ ಸಾಮು ಮಾಡಿಕೊಂಡಿದ್ದ ತರುಣನನ್ನು ಗದ್ದುಗೆಗೆ ಎಳೆದು ತಂದದ್ದು ಅರಮನೆಯೊಳಗಿನ ಒಂದು ಕೊಲೆ. ರಾಜ ಒಡೆಯರ ನಂತರ ಅವರ ಮೊಮ್ಮಗ ಚಾಮರಾಜ ಒಡೆಯರು 1617ರಿಂದ 1637ರವರೆಗೆ ಆಳಿದರು. ಅವರ ನಂತರ ಪಟ್ಟಕ್ಕೆ ಬಂದವರು ಇಮ್ಮಡಿ ರಾಜ ಒಡೆಯರು. ಆದರೆ ನಿಜವಾದ ಅಧಿಕಾರ ಇದ್ದದ್ದು ದಳವಾಯಿ ವಿಕ್ರಮರಾಯನ ಕೈಯಲ್ಲಿ. ತರುಣ ಅರಸ ತನ್ನ ಮಾತು ತಾನು ಆಡತೊಡಗಿದಾಗ ದಳವಾಯಿ 1638ರಲ್ಲಿ ವಿಷವಿಕ್ಕಿ ಕೊಲ್ಲಿಸಿದನೆಂದು ಮೈಸೂರಿನ ಇತಿಹಾಸ ಗ್ರಂಥಗಳು ಹೇಳುತ್ತವೆ. ಇಮ್ಮಡಿ ರಾಜರ ಆಳ್ವಿಕೆ ಎರಡು ವರ್ಷವನ್ನೂ ಕಾಣಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ನರಸರಾಜರಿಗೆ ಪಟ್ಟವಾಯಿತು. ಹಿಂದಿನ ಅರಸನಿಗೆ ವಿಷವಿಕ್ಕಿದ ದಳವಾಯಿ ಇನ್ನೂ ಅರಮನೆಯಲ್ಲೇ ಇದ್ದ. ದೂರದ ಊರಿನಿಂದ ಬಂದ, ರಾಜಧಾನಿಯಲ್ಲಿ ತನ್ನವರೆಂಬುವರು ಇಲ್ಲದ ತರುಣ ತನ್ನ ಕೈಗೊಂಬೆಯಾಗಿರುತ್ತಾನೆ ಎಂದು ಆತ ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಸಲ ಲೆಕ್ಕ ತಪ್ಪಿತು. ಪಟ್ಟಾಭಿಷೇಕದ ಬೆನ್ನಲ್ಲೇ ಒಡೆಯರ ಕಡೆಯವರ ಕೈಯಲ್ಲಿ ವಿಕ್ರಮರಾಯ ಹತನಾದನೆಂದು ಪರಂಪರೆ ಹೇಳುತ್ತದೆ.

ಅರಮನೆಯ ಇನ್ನೊಂದು ಕಥೆ ಹುಟ್ಟುವುದು ಇಲ್ಲಿಯೇ. ರಾತ್ರಿ ಮಲಗುವ ಕೋಣೆಯಲ್ಲಿ ಹಂತಕರ ಗುಂಪೊಂದು ಅಡಗಿತ್ತು. ಒಂಟಿಯಾಗಿದ್ದ ಅರಸರು ಕತ್ತಿ ಹಿರಿದು ಅಷ್ಟೂ ಮಂದಿಯನ್ನು ಎದುರಿಸಿ ನೆಲಕ್ಕೆ ಕೆಡವಿದರು. ಹಂತಕರನ್ನು ಕಳುಹಿಸಿದ್ದು ಮಾನಭಂಗವಾಗಿದ್ದ ತಿರುಚಿರಾಪಳ್ಳಿಯವರು ಎಂಬುದು ಒಂದು ಕಥನವಾದರೆ, ದಳವಾಯಿಯ ಕಡೆಯವರು ಎಂಬುದು ಇನ್ನೊಂದು. ಮೊದಲನೆಯದು ನಿಜವಾದರೆ, ಗೆದ್ದವರು ಹೆಸರು ಹೇಳದೆ ಬಂದರೂ ಸೋತವರು ಅದನ್ನು ಪತ್ತೆಹಚ್ಚಿದ್ದರೆಂದಾಯಿತು.

ವಿಷ ಮತ್ತು ಕತ್ತಿಗಳ ಆ ಅರಮನೆಯಲ್ಲಿ ದೇಹಬಲ ಅಲಂಕಾರವಾಗಿರಲಿಲ್ಲ, ಜೀವ ಉಳಿಸುವ ಸಾಧನವಾಗಿತ್ತು. ಅರಸ ಸ್ವತಃ ಜಟ್ಟಿ ಎಂಬ ಮಾತು ರಾಜ್ಯದಲ್ಲಿ ಹರಡಿದಷ್ಟೂ ಆತನ ಮೇಲೆ ಕೈಮಾಡುವವರು ಎರಡು ಸಲ ಯೋಚಿಸುತ್ತಿದ್ದರು. ತಿರುಚಿರಾಪಳ್ಳಿಯ ಕಥೆ ಶ್ರೀರಂಗಪಟ್ಟಣದಲ್ಲಿ ಮೊದಲು ಮಾಡಿದ ಕೆಲಸ ಬಹುಶಃ ಇದೇ.

ಕೋಟೆ, ನಾಣ್ಯ, ನಾಲೆ

ಗದ್ದುಗೆಯಲ್ಲಿ ಕುಳಿತು ತಿಂಗಳುಗಳಷ್ಟೇ ಕಳೆದಿದ್ದವು. ಬಿಜಾಪುರದ ಆದಿಲಶಾಹಿ ಸೇನಾನಿ ರಣದುಲ್ಲಾ ಖಾನ್ ದಕ್ಷಿಣಕ್ಕೆ ನುಗ್ಗಿ ಬಂದಿದ್ದ. 1638ರಲ್ಲೇ ಬೆಂಗಳೂರು ಕೆಂಪೇಗೌಡರ ವಂಶದ ಕೈತಪ್ಪಿತ್ತು. ಗೌಡರು ಮಾಗಡಿಗೆ ಸರಿದಿದ್ದರು, ಬೆಂಗಳೂರು ಶಹಾಜಿಗೆ ಜಹಗೀರಾಗಿ ಹೋಗಿತ್ತು. ಮುಂದಿನ ಗುರಿ ಶ್ರೀರಂಗಪಟ್ಟಣ. 1639ರಲ್ಲಿ ಖಾನನ ದಂಡು ದ್ವೀಪದ ಕೋಟೆಗೆ ಮುತ್ತಿಗೆ ಹಾಕಿತು. ಕಂಠೀರವರ ಪಡೆ ದಾಳಿಯನ್ನು ಹಿಮ್ಮೆಟ್ಟಿಸಿತು. ಬೆಂಗಳೂರನ್ನು ಗೆದ್ದ ಸೇನೆಗೆ ಶ್ರೀರಂಗಪಟ್ಟಣ ದಕ್ಕಲಿಲ್ಲ.

ಅಲ್ಲಿಂದ ಮುಂದೆ ಪಶ್ಚಿಮದಲ್ಲಿ ಚಂಗಾಳ್ವರ ಪಿರಿಯಾಪಟ್ಟಣ, ದಕ್ಷಿಣದಲ್ಲಿ ಗಜ್ಜಲಹಟ್ಟಿ ಕಣಿವೆಯಾಚೆಯ ಕೊಂಗುನಾಡಿನ ಕೋಟೆಗಳತ್ತ ಮೈಸೂರಿನ ದಂಡು ಹೊರಟಿತು. ರಾಜ್ಯ ಬೆಳೆಯಿತು. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಆರಂಭವಾಯಿತು. ಅದುವರೆಗೆ ಸ್ವಂತ ನಾಣ್ಯವಿಲ್ಲದಿದ್ದ ಮೈಸೂರು ಮನೆತನದ ಹೆಸರಿನಲ್ಲಿ ಚಿನ್ನದ ಹಣಗಳು ಹೊರಬಂದವು. ಅರ್ಧ ಗ್ರಾಮಿಗೂ ಕಡಿಮೆ ತೂಗುವ ಆ ಪುಟ್ಟ ನಾಣ್ಯದ ಮೇಲೆ ನರಸಿಂಹನ ಚಿತ್ರ. ಹೆಸರು ಕಂಠೀರಾಯಿ ಹಣ. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ವಿಶೇಷವೆಂದರೆ ಈ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು, ನಾಣ್ಯವಾಗಿ ಟಂಕವಾಗಲೇ ಇಲ್ಲ. ಆದರೂ ಅರಸರು ತೀರಿಕೊಂಡು ನೂರೈವತ್ತು ವರ್ಷಗಳಾದ ಮೇಲೂ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ ಮೈಸೂರಿನ ಲೆಕ್ಕಪತ್ರ ನಡೆಯುತ್ತಿದ್ದುದು ಕಂಠೀರಾಯಿ ವರಹದಲ್ಲೇ.

ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ದೇವಾಲಯ ಅವರು ಕಟ್ಟಿಸಿದ್ದು. ಕಾವೇರಿಯ ಕವಲನ್ನು ದಾಟಿಸಿ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆಯೂ ಅವರ ಕಾಲದ್ದೇ. ಕುಸ್ತಿಯ ಕಥೆ ಕೇಳದವರ ಗದ್ದೆಗೂ ಅರಸರ ನೀರು ಹರಿಯಿತು.

ಮಹಾನವಮಿಯ ಕಣ

1648ರಲ್ಲಿ ಗೋವಿಂದ ವೈದ್ಯನೆಂಬ ಕವಿ ಕಂಠೀರವ ನರಸರಾಜ ವಿಜಯ ಎಂಬ ಕಾವ್ಯ ರಚಿಸಿದ. ಸಾಂಗತ್ಯ ಛಂದಸ್ಸಿನ ಈ ಕೃತಿ ಅರಸರು ಬದುಕಿದ್ದಾಗಲೇ ಹುಟ್ಟಿದ್ದು. ಹೊಗಳಿಕೆ ಅದರ ಹುಟ್ಟುಗುಣವಾದರೂ, 17ನೇ ಶತಮಾನದ ಶ್ರೀರಂಗಪಟ್ಟಣದ ಬೀದಿ, ಅಂಗಡಿ, ಅರಮನೆ, ದಂಡು ಮತ್ತು ಮಹಾನವಮಿಯ ಒಂಬತ್ತು ದಿನಗಳ ವಿವರ ಅದರಲ್ಲಿ ದಂಡಿಯಾಗಿದೆ. ಒಡ್ಡೋಲಗದ ಮುಂದೆ ಜಟ್ಟಿಗಳ ಕಾಳಗ ನಡೆಯುತ್ತಿದ್ದುದನ್ನೂ ಕಾವ್ಯ ಹೇಳುತ್ತದೆ.

ಕುಸ್ತಿಯನ್ನು ಬಲ್ಲ ಅರಸನ ಎದುರು ಕುಸ್ತಿಯಾಡುವುದು ಜಟ್ಟಿಗಳಿಗೆ ಸುಲಭವಾಗಿರಲಾರದು. ಪಟ್ಟು ಹಾಕಿದ್ದು ನಿಜವೋ ನಟನೆಯೋ, ಸೋತವನು ದಣಿದು ಸೋತನೋ ಒಪ್ಪಂದ ಮಾಡಿಕೊಂಡು ಸೋತನೋ ಎಂಬುದು ಮಟ್ಟಿಯ ಮೇಲೆ ಬಿದ್ದು ಎದ್ದವರ ಕಣ್ಣಿಗೆ ತಪ್ಪುವುದಿಲ್ಲ.

ರಾಜ ಒಡೆಯರು ಆರಂಭಿಸಿದ ಆ ಉತ್ಸವ 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ರಾಜಧಾನಿ ಬದಲಾದ ಮೇಲೆ ಮೈಸೂರಿಗೆ ಬಂತು. ಅದರೊಂದಿಗೆ ಕುಸ್ತಿಯೂ ಬಂತು. ಇಂದಿಗೂ ಮೈಸೂರಿನಲ್ಲಿ ದಸರೆಗೆ ಮುನ್ನ ಪೈಲ್ವಾನರ ಜೋಡಿ ಕಟ್ಟುವ ಕಾರ್ಯ ನಡೆಯುತ್ತದೆ. ನಾಡಕುಸ್ತಿಯ ಕಣದ ಸುತ್ತ ಜನ ಸೇರುತ್ತಾರೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಆಯುಧ ತೊಟ್ಟು ಕಾದುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಆ ನಿಲ್ಲಿಸುವಿಕೆಯಲ್ಲಿ ಒಂದು ನೀತಿಯಿದೆ. ಮೊದಲ ರಕ್ತ ಕಂಡ ಮೇಲೆ ಎರಡನೇ ಹೊಡೆತವಿಲ್ಲ. ಬೆನ್ನು ನೆಲಕ್ಕೆ ತಾಗಿದ ಮೇಲೆ ಎದುರಾಳಿಯ ಮೇಲೆ ಕೈಯಿಲ್ಲ. ಗರಡಿಯ ಮಟ್ಟಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಬಂದವನು ಪಾಲಿಸಬೇಕಾದ ಮಿತಿ ಇದು.

ಮೂಗು ಕೊಯ್ದ ಯುದ್ಧ

ಕಂಠೀರವರ ಬದುಕಿನ ಅತಿ ಕಹಿಯಾದ ಅಧ್ಯಾಯ ಈ ಮಿತಿಯನ್ನು ಮೀರಿದ್ದು. ಅಭಿಮಾನಿಗಳು ಹೇಳಲು ಹಿಂಜರಿಯುವ ಅಧ್ಯಾಯವೂ ಅದೇ.

ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1656ರ ನಂತರ, ಮೈಸೂರಿನ ದಂಡು ಮಧುರೆ ನಾಯಕರ ಸೀಮೆಯೊಳಗೆ ನುಗ್ಗಿತು. ಆ ದಂಡು ಸಿಕ್ಕವರ ಮೂಗು ಕೊಯ್ದು ಗೋಣಿಗಳಲ್ಲಿ ತುಂಬಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿತೆಂದು ತಮಿಳು ಪರಂಪರೆಯೂ, ಅಂದು ಮಧುರೆಯಲ್ಲಿದ್ದ ಜೆಸೂಯಿಟ್ ಪಾದ್ರಿಗಳ ಪತ್ರಗಳೂ ಹೇಳುತ್ತವೆ. ಗಂಡಸು, ಹೆಂಗಸು, ಮಗು ಎಂಬ ಭೇದವಿರಲಿಲ್ಲವಂತೆ. ವೃದ್ಧನೂ ರೋಗಿಯೂ ಆಗಿದ್ದ ತಿರುಮಲ ನಾಯಕ ರಾಮನಾಡಿನ ರಘುನಾಥ ಸೇತುಪತಿಯ ನೆರವು ಕೇಳಿದ. ಸೇತುಪತಿಯ ಪಡೆ ಮೈಸೂರಿನವರನ್ನು ಹಿಮ್ಮೆಟ್ಟಿಸಿತು. ಬಳಿಕ ಮಧುರೆಯ ಸೇನೆ ಗಡಿ ದಾಟಿ ಬಂದು ಅದೇ ರೀತಿಯಲ್ಲಿ ಸೇಡು ತೀರಿಸಿಕೊಂಡಿತು. ಇತಿಹಾಸಕ್ಕೆ ಇದು ಮೂಗಿನ ಯುದ್ಧವೆಂದೇ ಪರಿಚಿತ.

ಎರಡೂ ಕಡೆಯ ಕಥನಗಳಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಶತ್ರುಗಳು ಬರೆದದ್ದೆಂಬ ಒಂದೇ ಕಾರಣಕ್ಕೆ ಇದನ್ನು ತಳ್ಳಿಹಾಕುವುದಾದರೆ, ಮಿತ್ರರು ಹೇಳಿದ್ದೆಂಬ ಒಂದೇ ಕಾರಣಕ್ಕೆ ತಿರುಚಿರಾಪಳ್ಳಿಯ ಕುಸ್ತಿಯನ್ನು ನಂಬುವುದೂ ಕಷ್ಟವಾಗುತ್ತದೆ. ಒಂದೇ ಅರಸನ ಹೆಸರಿನಲ್ಲಿ ಎರಡು ಕಥೆಗಳು ಒಂದೇ ನಾಡಿನತ್ತ ಮುಖ ಮಾಡಿ ನಿಂತಿವೆ. ಒಂದರಲ್ಲಿ ಆತ ಒಂಟಿಯಾಗಿ ಹೋಗಿ ಸಮಬಲನೊಬ್ಬನನ್ನು ಕೆಡವಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಇನ್ನೊಂದರಲ್ಲಿ ಆತನ ದಂಡು ನಿರಾಯುಧರ ಮೂಗು ಕೊಯ್ದು ಗೋಣಿ ತುಂಬುತ್ತದೆ.

1659ರಲ್ಲಿ ತಿರುಮಲ ನಾಯಕನೂ ಕಂಠೀರವ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಒಡೆಯರಿಗೆ ಆಗ 44 ವರ್ಷ. ಅವರ ನಂತರ ಪಟ್ಟಕ್ಕೆ ಬಂದವರು ದೊಡ್ಡ ದೇವರಾಜ ಒಡೆಯರು. ಜಟ್ಟಿ ಅರಸನಿಲ್ಲದ ಶ್ರೀರಂಗಪಟ್ಟಣಕ್ಕೆ ಆಗ ಮುತ್ತಿಗೆ ಹಾಕಿದವನು ಕೆಳದಿಯ ಶಿವಪ್ಪ ನಾಯಕ. ಉಡುಪಿ, ಉದ್ಯಾವರ, ಬಾರಕೂರು ಸೇರಿದ ಕರಾವಳಿ ಅಂದು ಕೆಳದಿಯ ಆಳ್ವಿಕೆಯಲ್ಲಿತ್ತು. ಅಂದರೆ ಕಂಠೀರವರು ಬದುಕಿದ್ದಾಗ ಕರಾವಳಿಯ ಜನರಿಗೆ ಅವರು ತಮ್ಮ ಅರಸರಲ್ಲ, ಘಟ್ಟದ ಮೇಲಿನ ಎದುರಾಳಿ ರಾಜ್ಯದ ದೊರೆ.

ತೆರೆಯ ಮೇಲೆ ಮತ್ತೊಮ್ಮೆ

ಆ ಗಡಿಗಳನ್ನು ಅಳಿಸಿದ್ದು ಸಿನಿಮಾ. 1956ರಲ್ಲಿ ಕನ್ನಡ ಮಾತನಾಡುವ ಪ್ರದೇಶಗಳು ಒಂದಾದವು. ನಾಲ್ಕು ವರ್ಷಗಳ ನಂತರ, 1960ರಲ್ಲಿ, ರಣಧೀರ ಕಂಠೀರವ ತೆರೆಕಂಡಿತು. ಕನ್ನಡದ ಕಲಾವಿದರೇ ಸಂಘ ಕಟ್ಟಿಕೊಂಡು ನಿರ್ಮಿಸಿದ ಚಿತ್ರವಿದು. ಎನ್.ಸಿ. ರಾಜನ್ ನಿರ್ದೇಶನ, ಜಿ.ವಿ. ಅಯ್ಯರ್ ಬರವಣಿಗೆ. ಕಂಠೀರವರಾಗಿ ರಾಜ್‌ಕುಮಾರ್. ಅದುವರೆಗೆ ಮೈಸೂರು ಸೀಮೆಯ ಗರಡಿಗಳಲ್ಲಿ, ಹಿರಿಯರ ಬಾಯಲ್ಲಿ ಉಳಿದಿದ್ದ ಪಂದ್ಯವನ್ನು ಬೀದರಿನಿಂದ ಮಂಗಳೂರಿನವರೆಗೆ ಜನ ಕಣ್ಣಾರೆ ಕಂಡಂತಾಯಿತು. ಕೆಳದಿಯ ಪ್ರಜೆಗಳ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಕಂಠೀರವ ತಮ್ಮವನಾದ.

ಸಿನಿಮಾ ಆರಿಸಿಕೊಂಡದ್ದೂ ಕುಸ್ತಿಯನ್ನೇ, ಮೂಗಿನ ಯುದ್ಧವನ್ನಲ್ಲ. ಇದು ಮರೆವಿನ ಮಾತಷ್ಟೇ ಆಗಿರಲಾರದು. ಯಾವ ಅರಸನೂ ಒಬ್ಬನೇ ಯುದ್ಧ ಗೆಲ್ಲುವುದಿಲ್ಲ. ಕೋಟೆ ಉಳಿಸಿದ್ದು ಹೆಸರಿಲ್ಲದ ಸಾವಿರಾರು ಸಿಪಾಯಿಗಳು. ಮೂಗು ಕೊಯ್ದವರೂ ಅವರೇ. ನಾಣ್ಯ ಟಂಕಿಸಿದವರು ಅಕ್ಕಸಾಲಿಗರು, ನಾಲೆ ತೋಡಿದವರು ಒಡ್ಡರು. ಅರಸ ಸ್ವಂತ ಮೈಯಿಂದ, ಸ್ವಂತ ಉಸಿರಿನಿಂದ ಗಳಿಸಿದ್ದು ಎನ್ನಬಹುದಾದ ಗೆಲುವು ತಿರುಚಿರಾಪಳ್ಳಿಯದೊಂದೇ. ಅಲ್ಲಿ ಅವರ ಬೆನ್ನಿಗೆ ದಂಡು ಇರಲಿಲ್ಲ, ತಲೆಯ ಮೇಲೆ ಕಿರೀಟ ಇರಲಿಲ್ಲ, ಹೇಳಿಕೊಳ್ಳಲು ಹೆಸರೂ ಇರಲಿಲ್ಲ. ಕಣಕ್ಕಿಳಿದ ಎಲ್ಲ ಪೈಲ್ವಾನರಂತೆ ಮೈಮೇಲೊಂದು ಚಲ್ಲಣವಷ್ಟೇ. ಅರಸನನ್ನು ಜನ ತಮ್ಮಲ್ಲೊಬ್ಬನೆಂದು ಒಪ್ಪಿಕೊಂಡದ್ದು ಆ ವೇಷದಲ್ಲಿ.

ಆ ಪಂದ್ಯ ನಡೆಯಿತೋ ಇಲ್ಲವೋ ಎಂಬುದು ವಿದ್ವಾಂಸರ ಪ್ರಶ್ನೆ. ದೊರೆಯಾದವನು ಹೇಗೆ ಕಾದಬೇಕು, ಗೆದ್ದ ಮೇಲೆ ಹೇಗಿರಬೇಕು ಎಂಬ ತಮ್ಮ ಅಪೇಕ್ಷೆಯನ್ನು ಜನ ಆ ಕಥೆಯಲ್ಲಿಟ್ಟು ಮೂರೂವರೆ ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಅದೇ ಅಳತೆಗೋಲಿನಲ್ಲಿ ಅಳೆದಾಗ ಮೂಗಿನ ಯುದ್ಧ ಸೋಲುತ್ತದೆ. ಕಂಠೀರವರ ಕಥೆಯೇ ಕಂಠೀರವರ ದಂಡನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುತ್ತದೆ.

ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ದೇವಾಲಯದಲ್ಲಿ ಅರಸರ ಕಲ್ಲಿನ ಪ್ರತಿಮೆಯಿದೆ. ಪೀಠದ ಮೇಲೆ ಹೆಸರು ಕೊರೆದಿದೆ. ನಿಲುವಂಗಿ ತೊಟ್ಟಿದ್ದಾರೆ, ಪಕ್ಕದಲ್ಲಿ ಕತ್ತಿ, ಗುರಾಣಿ, ಬಾಕು ಇವೆ. ರಂಗನಾಥನ ದರ್ಶನ ಮುಗಿಸಿ ಟಿಪ್ಪುವಿನ ಬೇಸಿಗೆ ಅರಮನೆಯತ್ತ ಅವಸರದಿಂದ ಸಾಗುವ ಪ್ರವಾಸಿಗರಲ್ಲಿ ಇತ್ತ ಬರುವವರು ಕಡಿಮೆ. ಬಂದವರು ತೊಡೆ ತಟ್ಟಿ ನಿಂತ ಸಿನಿಮಾದ ರಣಧೀರನನ್ನು ಇಲ್ಲಿ ಹುಡುಕಿದರೆ ನಿರಾಶರಾಗುತ್ತಾರೆ. ಕಲ್ಲಿನ ಕಂಠೀರವರು ದೇವರ ಎದುರು ಎರಡೂ ಕೈ ಜೋಡಿಸಿ ನಿಂತಿದ್ದಾರೆ.